ಘಾಟಿಯ ಲೆಕ್ಕ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆ ಕೊಡಗಿನ ಸುಂಟಿಕೊಪ್ಪದ ಹತ್ತಿರ. ಮೂರು ವರ್ಷದ ಹಿಂದೆ ಹಳೇ ಡೀಸೆಲ್ ಜೀಪು ಕೊಟ್ಟು ಕರೆಂಟ್ ಕಾರು ತಂದೆ. ಅವತ್ತು ಸಂಜೆಯೇ ನನ್ನ ಹೆಂಡತಿಯ ಅಣ್ಣ ಬಂದರು. ಕಾರಿಗೆ ಒಂದು ಸುತ್ತು ಬಂದರು. ಬಾನೆಟ್ ತೆಗೆಸಿ ನೋಡಿದರು, ಟಯರಿಗೆ ಕಾಲಲ್ಲಿ ಒಂದು ತಟ್ಟಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲ ಭಾವ, ಸಂಪಾಜೆ ಘಾಟಿ ಮಧ್ಯ ಚಾರ್ಜ್ ಮುಗಿದ್ರೆ ಏನ್ ಮಾಡ್ತೀರಿ?"

ಮಡಿಕೇರಿಯಿಂದ ಮಂಗಳೂರಿಗೆ ಇಳಿಯುವ ದಾರಿಯ ಘಾಟಿ ಅದು. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ನಕ್ಕು ಕಾಫಿ ಕೊಟ್ಟು ಕಳಿಸಿದೆ. ಈಗ ಮಂಗಳೂರು, ಮೈಸೂರು, ಬೆಂಗಳೂರು ಅಂತ ಸುಮಾರು ಓಡಾಡಿ ಆಗಿದೆ. ಹಾಗಾಗಿ ಇವತ್ತಿನ ಮಾತು ಭಾವನಿಗೆ ಕೊಡಬೇಕಾಗಿದ್ದ ಉತ್ತರ ಅಂತ ತಿಳಿದುಕೊಳ್ಳಿ.

ಮೊದಲ ವಿಷಯ. ಕೊಡಗಿನಲ್ಲಿ ಕರೆಂಟ್ ಕಾರು ಓಡಿಸುವವರು ಕಿಲೋಮೀಟರ್ ಲೆಕ್ಕ ಮಾತ್ರ ಹಿಡಿದು ಹೊರಡಬಾರದು. ಎಷ್ಟು ಮೀಟರ್ ಹತ್ತಬೇಕು, ಎಷ್ಟು ಇಳಿಯಬೇಕು ಅಂತ ನೋಡಬೇಕು. ನನ್ನ ಕಾರಿನ ಕಾಗದದಲ್ಲಿ ಒಂದು ಚಾರ್ಜ್‌ಗೆ 312 ಕಿಲೋಮೀಟರ್ ಅಂತ ಇದೆ. ಆ ಪರೀಕ್ಷೆ ಮಾಡುವುದು ಲ್ಯಾಬಿನಲ್ಲಿ, ರೋಲರ್ ಮೇಲೆ ಚಕ್ರ ತಿರುಗಿಸಿ. ಅಲ್ಲಿ ಘಾಟಿ ಇಲ್ಲ, ಗುಂಡಿ ಇಲ್ಲ, ಹಿಂದಿನ ಸೀಟಿನಲ್ಲಿ ಅತ್ತೆಯ ಎರಡು ಚೀಲ ಇಲ್ಲ. ರಸ್ತೆಗೆ ಬಂದರೆ ಅದು 200ರ ಆಸುಪಾಸು.

ಆದ್ದರಿಂದ ನಾನು ಕಿಲೋಮೀಟರ್ ಬಿಟ್ಟು ಯೂನಿಟ್ ಲೆಕ್ಕ ಹಿಡಿದೆ. ನಿಮ್ಮ ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್. ನನ್ನ ಬ್ಯಾಟರಿ 30 ಯೂನಿಟ್ಟಿನದು. ಸಮತಟ್ಟು ರಸ್ತೆಯಲ್ಲಿ ಒಂದು ಯೂನಿಟ್ಟಿಗೆ ಸುಮಾರು 7 ಕಿಲೋಮೀಟರ್ ಓಡುತ್ತದೆ. ಇಲ್ಲಿಯವರೆಗೆ ಸುಲಭ.

ಈಗ ಘಾಟಿಗೆ ಬನ್ನಿ. ಒಂದು ಟನ್ ಭಾರವನ್ನು ಸಾವಿರ ಮೀಟರ್ ಮೇಲಕ್ಕೆ ಎತ್ತಲು 2.7 ಯೂನಿಟ್ ಬೇಕು. ಇದು ಹೈಸ್ಕೂಲ್ ವಿಜ್ಞಾನದ ಲೆಕ್ಕ, ಯಾವ ಕಂಪನಿಯೂ ಇದನ್ನು ತಿದ್ದಲು ಆಗುವುದಿಲ್ಲ. ನಾಲ್ಕು ಜನ ಕೂತ ನನ್ನ ಕಾರು 1,700 ಕಿಲೋ ತೂಗುತ್ತದೆ. ಅಂದರೆ ಎತ್ತರಕ್ಕೇ 4.6 ಯೂನಿಟ್. ಮೋಟಾರಿನಲ್ಲಿ, ಬಿಸಿಯಲ್ಲಿ ಹೋಗುವುದನ್ನು ಸೇರಿಸಿದರೆ 5 ಯೂನಿಟ್ ದಾಟಿತು. ಸುಳ್ಯ ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಮೇಲಿದೆ. ಮಡಿಕೇರಿ 1,100 ಮೀಟರಿಗೂ ಜಾಸ್ತಿ. ಮಧ್ಯದ ಸಾವಿರ ಮೀಟರ್ ಬೆಲೆ ಈ 5 ಯೂನಿಟ್. ದಾರಿಯ ಖರ್ಚು ಬೇರೆ.

ಹಾಗಾಗಿ ಸುಳ್ಯದಿಂದ ಮಡಿಕೇರಿಗೆ ಬರಲು ನನಗೆ 12-13 ಯೂನಿಟ್ ಬೇಕು. ಇರುವುದು ಐವತ್ತು ಚಿಲ್ಲರೆ ಕಿಲೋಮೀಟರ್ ದಾರಿ, ಬ್ಯಾಟರಿಯಲ್ಲಿ ಹೋಗುವುದು ಹತ್ತಿರ ಹತ್ತಿರ ಅರ್ಧ! ಆದರೆ ಅದೇ ದಾರಿಯಲ್ಲಿ ಇಳಿದು ನೋಡಿ. ಕಾಲು ತೆಗೆದರೆ ಮೋಟಾರೇ ಡೈನಮೊ ಆಗಿ ಬ್ಯಾಟರಿಗೆ ಕರೆಂಟ್ ತುಂಬುತ್ತದೆ. ಮಡಿಕೇರಿ ಬಿಡುವಾಗ ಚಾರ್ಜ್ ಮೀಟರ್ 86 ಪರ್ಸೆಂಟ್ ತೋರಿಸುತ್ತಿತ್ತು. ಮದೆನಾಡು ದಾಟಿದೆ, ಜೋಡುಪಾಲ ದಾಟಿದೆ, ಸಂಪಾಜೆಗೆ ಬಂದೆ. ಆಗಲೂ 86. ಇಪ್ಪತ್ತೈದಕ್ಕೂ ಜಾಸ್ತಿ ಕಿಲೋಮೀಟರ್ ಪುಕ್ಕಟೆ! ಜೊತೆಗಿದ್ದ ಭಾವ ಮೀಟರಿನ ಗಾಜಿಗೆ ಬೆರಳಿನಿಂದ ಕುಟ್ಟಿ ನೋಡಿದರು, ಮುಳ್ಳು ಸಿಕ್ಕಿಕೊಂಡಿದೆಯಾ ಅಂತ. ಅದರಲ್ಲಿ ಮುಳ್ಳೇ ಇಲ್ಲ.

ಇಲ್ಲೇ ಒಂದು ತಪ್ಪು ಹೇಳಿಬಿಡುತ್ತೇನೆ, ನಾನೇ ಮಾಡಿದ್ದು. ಮೊದಲ ಸಲ ಮಂಗಳೂರಿಗೆ ಹೊರಟಾಗ ಹಿಂದಿನ ರಾತ್ರಿ ಮಡಿಕೇರಿಯಲ್ಲಿ ತಂಗಿಯ ಮನೆಯಲ್ಲಿದ್ದೆ. ದೂರದ ದಾರಿ ಅಲ್ವಾ, ಇಡೀ ರಾತ್ರಿ ಹಾಕಿಟ್ಟು 100 ಮಾಡಿಕೊಂಡೆ. ಪೇಟೆ ದಾಟಿ ಮೊದಲ ತಿರುವಿನಲ್ಲಿ ಕಾಲು ತೆಗೆದರೆ ಕಾರು ನಿಧಾನವೇ ಆಗಲಿಲ್ಲ. ದಿನಾ ಹಿಡಿದು ಎಳೆದ ಹಾಗೆ ನಿಲ್ಲುತ್ತಿದ್ದ ಗಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟ ಹಾಗೆ ಜಾರಿತು. ಎದೆ ಒಮ್ಮೆ ಧಸಕ್ ಅಂತು. ಬ್ರೇಕ್ ಏನೋ ಸರಿಯಾಗಿಯೇ ಹಿಡಿಯಿತು. ವಿಷಯ ಏನು ಅಂದರೆ, ತುಂಬಿದ ಬ್ಯಾಟರಿಯಲ್ಲಿ ಇನ್ನು ಕರೆಂಟ್ ಹಾಕಲು ಜಾಗ ಇಲ್ಲ. ಜಾಗ ಇಲ್ಲದಿದ್ದರೆ ಮೋಟಾರಿನ ಹಿಡಿತವೂ ಇಲ್ಲ. ಇಳಿಜಾರಿನಲ್ಲಿ ಸಿಗುವ ಪುಕ್ಕಟೆ ಕರೆಂಟೂ ಹೋಯಿತು, ಬ್ರೇಕ್ ಪ್ಯಾಡೂ ಸವೆಯಿತು. ಈಗ ಘಟ್ಟ ಇಳಿಯುವುದಿದ್ದರೆ 85-90ಕ್ಕೆ ನಿಲ್ಲಿಸುತ್ತೇನೆ. ಘಟ್ಟ ಹತ್ತುವುದಿದ್ದರೆ ಮಾತ್ರ ಕಂಠಪೂರ್ತಿ.

ಇನ್ನು ಭಾವನ ಪ್ರಶ್ನೆ. ಘಾಟಿ ಮಧ್ಯದಲ್ಲಿ ಅಲ್ಲ, ಘಾಟಿಯ ಬುಡದಲ್ಲಿ ನಾನು ಒಮ್ಮೆ ಸಿಕ್ಕಿಹಾಕಿಕೊಂಡಿದ್ದೆ.

ಏಪ್ರಿಲ್ ತಿಂಗಳು. ಮಂಗಳೂರಿನಿಂದ ವಾಪಸ್ ಬರುತ್ತಿದ್ದೆ. ಸುಳ್ಯದ ಕಡೆ ಒಂದು ಫಾಸ್ಟ್ ಚಾರ್ಜರ್ ಇದೆ ಅಂತ ಫೋನಿನ ಮ್ಯಾಪಿನಲ್ಲಿ ಹಸಿರು ಗುರುತು. ಅದನ್ನೇ ನಂಬಿ 24 ಪರ್ಸೆಂಟ್‌ಗೆ ಬಂದು ತಲುಪಿದೆ. ಚಾರ್ಜರಿನ ಗನ್ ಕಾರಿಗೆ ಸಿಕ್ಕಿಸಿದೆ, ಮಿಷನ್ನಿನ ಪರದೆಯೂ ಉರಿಯುತ್ತಿತ್ತು. ಆದರೆ ಶುರು ಆಗಬೇಕಿದ್ದರೆ ಆ ಮಿಷನ್ನಿಗೆ ನೆಟ್‌ವರ್ಕ್ ಬೇಕು. ನೆಟ್‌ವರ್ಕ್ ಇಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, "ಸರ್, ನಮ್ಮ ಸಿಸ್ಟಮ್‌ನಲ್ಲಿ ಆ ಚಾರ್ಜರ್ ಚೆನ್ನಾಗಿದೆ" ಅಂತ ಹೇಳಿದ ಆ ಹುಡುಗ. ಅವನ ಸಿಸ್ಟಮ್‌ನಲ್ಲಿ ಚೆನ್ನಾಗಿದ್ದರೆ ನನಗೇನು ಬಂತು?

ನನ್ನ ಹತ್ತಿರ ಇದ್ದದ್ದು 7 ಯೂನಿಟ್. ಮಡಿಕೇರಿಗೆ ಬೇಕಾದದ್ದು 13. ಹೊರಟಿದ್ದರೆ ಭಾವ ಹೇಳಿದ ಜಾಗದಲ್ಲೇ, ಸರಿಯಾಗಿ ಘಾಟಿ ಮಧ್ಯದಲ್ಲೇ ನಿಲ್ಲುತ್ತಿದ್ದೆ.

ಪಕ್ಕದಲ್ಲಿ ಒಂದು ವೆಲ್ಡಿಂಗ್ ಶಾಪ್ ಇತ್ತು. ಹೋಗಿ ಕೇಳಿದೆ, "ಅಣ್ಣಾ, ಹದಿನೈದು ಆಂಪ್ಸಿನ ಪ್ಲಗ್ ಪಾಯಿಂಟ್ ಇದೆಯಾ?" ಇತ್ತು. ಕಾರಿನ ಜೊತೆ ಕೊಟ್ಟ ಕೇಬಲ್ ತೆಗೆದು ಸಿಕ್ಕಿಸಿದೆ. ಅದರ ಪೆಟ್ಟಿಗೆಯಲ್ಲಿ ಕೆಂಪು ದೀಪ. ಸೋರಿದ ಕರೆಂಟನ್ನು ನೆಲಕ್ಕೆ ಕಳಿಸುವ ಅರ್ತಿಂಗ್ ಸರಿ ಇಲ್ಲದಿದ್ದರೆ ಈ ಕಾರುಗಳು ಕರೆಂಟ್ ಎಳೆಯುವುದಿಲ್ಲ. ಮನೆಯ ಮಿಕ್ಸಿಯ ಹಾಗೆ ಹೇಗೋ ಓಡುವ ಜಾತಿ ಅಲ್ಲ. ಶಾಪಿನವರು ಸ್ವಲ್ಪ ಯೋಚನೆ ಮಾಡಿದರು. "ಗುಂಡಿ ಒಣಗಿರ್ಬೇಕು" ಅಂದರು. ಹಿತ್ತಲಿಗೆ ಹೋಗಿ ಅರ್ತಿಂಗ್ ಗುಂಡಿಯ ಮೇಲಿದ್ದ ಹಂಚು ಸರಿಸಿ ಎರಡು ಕೊಡ ನೀರು ಸುರಿದರು. ಒಂದು ಹಿಡಿ ಉಪ್ಪನ್ನೂ ಹಾಕಿದರು. ಐದು ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಿದರೆ ಹಸಿರು ದೀಪ! ನನಗೆ ಆದ ಖುಷಿ ಅವರಿಗೆ ಅರ್ಥ ಆಗಲಿಲ್ಲ, ಪಾಪ. ಅವರು ಗೇಟಿನ ಸರಳು ಕತ್ತರಿಸಲು ಹೋದರು.

ಹದಿನೈದು ಆಂಪ್ಸಿನ ಪಾಯಿಂಟಿನಲ್ಲಿ ಗಂಟೆಗೆ ಸುಮಾರು 3 ಯೂನಿಟ್ ತುಂಬುತ್ತದೆ. ಮೂರು ಗಂಟೆಗೂ ಸ್ವಲ್ಪ ಜಾಸ್ತಿ ಅಲ್ಲೇ ಸ್ಟೂಲ್ ಮೇಲೆ ಕೂತೆ. ಎರಡು ಸಲ ಚಹಾ ಆಯಿತು. ಆ ಊರಿನ ಅಡಿಕೆ ರೇಟು, ಕೊಳೆ ರೋಗ, ಮಂಗನ ಕಾಟ ಎಲ್ಲ ತಿಳಿಯಿತು. ಹೊರಡುವಾಗ ಅವರು ಹಣ ಬೇಡ ಅಂದರು. 200 ರೂಪಾಯಿ ಟೇಬಲ್ ಮೇಲಿಟ್ಟು ಬಂದೆ. ರಾತ್ರಿ ಮಡಿಕೇರಿಗೆ ಹತ್ತಿದಾಗ ಮೀಟರ್ 11. ಅಲ್ಲಿಂದ ನಮ್ಮನೆಗೆ ಹೆಚ್ಚಾಗಿ ಇಳಿಜಾರೇ, ಹಾಗಾಗಿ ಉಸಿರು ಬಿಟ್ಟೆ.

ಆವತ್ತಿನಿಂದ ನನ್ನ ಪದ್ಧತಿ ಬದಲಾಯಿತು. ಒಂದೇ ಚಾರ್ಜರ್ ನಂಬಿ ಹೋಗುವುದಿಲ್ಲ. ಅದು ಕೆಟ್ಟಿದ್ದರೆ ಇನ್ನೊಂದಕ್ಕೆ ತಲುಪುವಷ್ಟು ಕೈಯಲ್ಲಿರಬೇಕು. ಮ್ಯಾಪಿನ ಹಸಿರು ಗುರುತಿಗಿಂತ ನಿನ್ನೆ ಮೊನ್ನೆ ಅಲ್ಲಿ ಚಾರ್ಜ್ ಮಾಡಿದವರ ಮಾತು ದೊಡ್ಡದು. ಪ್ಲಗ್‌ಶೇರ್ ಅನ್ನುವ ಆಪ್‌ನಲ್ಲಿ ಜನ ಬರೆದಿರುತ್ತಾರೆ, ನೋಡಬಹುದು. ಅದಕ್ಕಿಂತ ಒಳ್ಳೆಯ ಉಪಾಯ ಒಂದಿದೆ. ಚಾರ್ಜರ್ ಯಾವ ಹೋಟೆಲಿನ ಅಂಗಳದಲ್ಲಿದೆಯೋ ಆ ಹೋಟೆಲಿಗೆ ಫೋನ್ ಮಾಡಿ. "ಇವತ್ತು ಯಾರಾದ್ರೂ ಚಾರ್ಜ್ ಹಾಕಿದ್ರಾ?" ಅಂತ ಕೇಳಿ. ಕ್ಯಾಶ್ ಕೌಂಟರಿನಲ್ಲಿ ಕೂತವರು ನಿಜ ಹೇಳುತ್ತಾರೆ. ಚಾರ್ಜಿಗೆ ಕೊಡುವ ದುಡ್ಡನ್ನು ಮನೆಯಲ್ಲಿ ವೈಫೈ ಇರುವಾಗಲೇ ಚಾರ್ಜರ್ ಕಂಪನಿಯ ಆಪ್‌ಗೆ ಹಾಕಿಟ್ಟುಕೊಳ್ಳಿ. ನಮ್ಮ ಕಡೆ ಒಂದು ತಿರುವಿನಲ್ಲಿ ಸಿಗ್ನಲ್ ಇದ್ದರೆ ಮುಂದಿನ ತಿರುವಿನಲ್ಲಿ ಇಲ್ಲ. ಓಟಿಪಿ ಬರುವಷ್ಟರಲ್ಲಿ ಕತ್ತಲಾಗುತ್ತದೆ.

ಫಾಸ್ಟ್ ಚಾರ್ಜರಿನಲ್ಲಿ 80 ಆದ ಮೇಲೆ ಕಾಯಬೇಡಿ. ಕಾಫಿ ಹಣ್ಣು ಗೋಣಿಗೆ ತುಂಬಿದವರಿಗೆ ಇದು ಬೇಗ ತಿಳಿಯುತ್ತದೆ. ಮುಕ್ಕಾಲು ಗೋಣಿ ಸರಾಗ ಬೀಳುತ್ತದೆ. ಕೊನೆಯದ್ದಕ್ಕೆ ಕುಲುಕಬೇಕು, ಒತ್ತಬೇಕು, ಬಾಯಿ ಹಿಡಿದು ಮತ್ತೆ ಕುಲುಕಬೇಕು. ಬ್ಯಾಟರಿಯೂ ಹಾಗೇ, 80ರ ಮೇಲೆ ಕರೆಂಟ್ ಒಳಗೆ ಹೋಗುವ ವೇಗ ಕಡಿಮೆಯಾಗುತ್ತದೆ. ಹಿಂದೆ ಇನ್ನೊಬ್ಬರು ಕಾಯುತ್ತಿದ್ದರಂತೂ 80ಕ್ಕೆ ತೆಗೆದು ಜಾಗ ಬಿಡುವುದು ಮರ್ಯಾದೆ.

ಬೆಂಗಳೂರು ದಾರಿ ನಮಗೆ ಸುಲಭ. ಇಲ್ಲಿಂದ ಮೈಸೂರು ಅಂದರೆ ಒಟ್ಟಾರೆ ಇಳಿಯುವ ದಾರಿ. ಮೈಸೂರಿನಲ್ಲಿ ಊಟ, ಜೊತೆಗೆ ಚಾರ್ಜ್. ಅಲ್ಲಿಂದ ಮುಂದೆ ದಶಪಥ. ಅದರಲ್ಲಿ ನೂರರ ವೇಗದಲ್ಲಿ ಹೋದರೆ ಎಂಬತ್ತಕ್ಕಿಂತ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಜಾಸ್ತಿ. ಮುಂದಿನ ಚಾರ್ಜರ್ ಬಗ್ಗೆ ಅನುಮಾನ ಬಂದರೆ ಏಸಿ ಆಫ್ ಮಾಡಿ ಬೆವರಬೇಡಿ, ವೇಗ ಇಳಿಸಿ. ಅದರಲ್ಲೇ ಜಾಸ್ತಿ ಉಳಿಯುವುದು. ಬೆಂಗಳೂರಿನಿಂದ ಈ ಕಡೆ ಬರುವವರು ಮೈಸೂರು ಅಥವಾ ಹುಣಸೂರಿನ ಆಸುಪಾಸಿನಲ್ಲೇ ತುಂಬಿಸಿಕೊಂಡು ಬನ್ನಿ. ಬೆಟ್ಟ ಹತ್ತಿದ ಮೇಲೆ ನೋಡೋಣ ಅನ್ನಬೇಡಿ. ಶನಿವಾರ, ಭಾನುವಾರ ಇಲ್ಲಿ ಕಾರು ನಿಲ್ಲಿಸಲೇ ಜಾಗ ಇರುವುದಿಲ್ಲ.

ಹೋಂಸ್ಟೇ ಬುಕ್ ಮಾಡುವಾಗ "ಚಾರ್ಜಿಂಗ್ ಇದೆಯಾ" ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಮೊಬೈಲ್ ಚಾರ್ಜಿಂಗ್ ಅಂದುಕೊಂಡವರೂ ಇದ್ದಾರೆ. ಗೀಸರಿಗೆ ಹಾಕುವಂಥ ಹದಿನೈದು ಆಂಪ್ಸ್ ಪಾಯಿಂಟ್ ಕಾರು ನಿಲ್ಲುವ ಜಾಗದ ಹತ್ತಿರ ಇದೆಯಾ, ಅರ್ತಿಂಗ್ ಇದೆಯಾ, ರಾತ್ರಿ ಕರೆಂಟ್ ಇರುತ್ತದಾ ಅಂತ ಬಿಡಿಸಿ ಕೇಳಿ. ಟಿವಿಗೆ ಹಾಕುವ ತೆಳ್ಳಗಿನ ಎಕ್ಸ್‌ಟೆನ್ಶನ್ ಬಾಕ್ಸ್ ಕೊಟ್ಟರೆ ದಯವಿಟ್ಟು ಬೇಡ ಅನ್ನಿ. ಸರಿಯಾದ ಪಾಯಿಂಟಿಗೇ ಹಾಕಿದ್ದರೂ ಅರ್ಧ ಗಂಟೆ ಬಿಟ್ಟು ಪ್ಲಗ್ಗಿನ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಮೇನ್ ಸ್ವಿಚ್ ಆರಿಸಿ ತೆಗೆಯಿರಿ. ರಾತ್ರಿ ಎಂಟಕ್ಕೆ ಹಾಕಿದರೆ ಬೆಳಿಗ್ಗೆ ಆರಕ್ಕೆ ಬ್ಯಾಟರಿ ತುಂಬಿರುತ್ತದೆ. ಆ 30 ಯೂನಿಟ್ಟಿನ ಹಣ ಮನೆಯವರಿಗೆ ಕೊಟ್ಟೇ ಬರಬೇಕು.

ಮಳೆಗಾಲದ ಪ್ರವಾಸ ಬೇರೆಯೇ. ಮಳೇಲಿ ಶಾಕ್ ಹೊಡೆಯಲ್ವಾ ಅಂತ ಕೇಳುವವರಿದ್ದಾರೆ. ಹೊಡೆಯುವುದಿಲ್ಲ, ಬ್ಯಾಟರಿ ನೀರು ಹೋಗದ ಹಾಗೆ ಮುಚ್ಚಿರುತ್ತದೆ. ಹಾಗಂತ ಭಾಗಮಂಡಲದಲ್ಲಿ ಸಂಗಮ ಉಕ್ಕಿ ರಸ್ತೆಗೆ ಬಂದಾಗ ಕಾರನ್ನು ನೀರಿಗೆ ಇಳಿಸಲು ಹೋಗಬೇಡಿ. ಅದು ಯಾವ ಕಾರಿಗೂ ಆಗದು. ನನಗೆ ಭಯ ಇರುವುದು ಬೇರೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜಾರಿ ಮಂಗಳೂರು ರಸ್ತೆ ಮುಚ್ಚಿದ್ದು ನಮಗೆಲ್ಲ ನೆನಪಿದೆ. ರಸ್ತೆ ಮುಚ್ಚಿದರೆ ಕರಿಕೆ ಮೇಲೆಯೋ ಶಿರಾಡಿ ಕಡೆಯಿಂದಲೋ ಸುತ್ತಬೇಕು, ಅದೂ ಘಾಟಿಯೇ. ಮರ ಬಿದ್ದು ಲೈನ್ ಹೋದರೆ ಮನೆಯಲ್ಲೂ ಚಾರ್ಜ್ ಇಲ್ಲ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಾರು 50ಕ್ಕಿಂತ ಕೆಳಗೆ ರಾತ್ರಿ ಕಳೆಯುವುದಿಲ್ಲ.

ಊಟಿ ಕಡೆಯೋ ವಯನಾಡ್ ಕಡೆಯೋ ಹೋಗುವವರು ಗಡಿಯಾರವನ್ನೂ ನೋಡಿಕೊಳ್ಳಬೇಕು. ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚಿದರೆ ಬೆಳಿಗ್ಗೆ 6ಕ್ಕೇ ತೆಗೆಯುವುದು. ಚಾರ್ಜರ್ ಮುಂದೆ ಅರ್ಧ ಗಂಟೆ ಹೆಚ್ಚು ಕಾದರೆ ಇಡೀ ರಾತ್ರಿ ಹೋಯಿತು. ವಿರಾಜಪೇಟೆಯಿಂದ ಕೇರಳದ ಕಡೆ ಮಾಕುಟ್ಟ ಘಾಟಿ ಇಳಿಯುವವರಿಗೆ ಇಳಿಯುವಾಗ ಏನೂ ತೊಂದರೆ ಇಲ್ಲ. ವಾಪಸ್ ಹತ್ತುವಾಗ ಕಾಡು ಬಿಟ್ಟರೆ ಏನೂ ಇಲ್ಲ. ಅಲ್ಲಿ ಅರ್ತಿಂಗ್ ಗುಂಡಿಗೆ ನೀರು ಹೊಯ್ಯಲು ವೆಲ್ಡಿಂಗ್ ಶಾಪೂ ಇಲ್ಲ, ಆನೆ ಇದೆ.

2001ರಲ್ಲಿ ಬೆಂಗಳೂರಿನ ರೇವಾ ಕಾರು ಬಂದಾಗ ಒಂದು ಚಾರ್ಜ್‌ಗೆ 80 ಕಿಲೋಮೀಟರ್ ಅನ್ನುತ್ತಿದ್ದರು. ಅದರಲ್ಲಿ ಮಡಿಕೇರಿಗೆ ಬರುತ್ತೇನೆ ಅಂದಿದ್ದರೆ ಜನ ನಗುತ್ತಿದ್ದರು. ಈಗ ಭಾವನೇ ತಮ್ಮ ಮಗನಿಗೆ ಒಂದು ಕರೆಂಟ್ ಕಾರು ನೋಡುತ್ತಿದ್ದಾರೆ. ನನ್ನ ಹತ್ತಿರ ಸಲಹೆ ಕೇಳಿಲ್ಲ. ಆದರೆ ಹೋದ ವಾರ ಅವರ ಮನೆಗೆ ಹೋದಾಗ ಶೆಡ್ಡಿನ ಪಕ್ಕ ಹೊಸದಾಗಿ ಗುಂಡಿ ತೋಡಿಸುತ್ತಿದ್ದರು. ಬಾಳೆ ನೆಡಲಿಕ್ಕಾ ಅಂತ ಕೇಳಿದೆ. "ಅಲ್ಲ ಭಾವ, ಅರ್ತಿಂಗಿಗೆ" ಅಂದರು.

ನಮಸ್ಕಾರ.