ಪಿಯಾನೊದ ಎಡಗೈ

ಕೇಳುಗರಿಗೆ ನಮಸ್ಕಾರ.

ಪಿಯಾನೊ ಅಂದರೆ ಮೆಲ್ಲಗೆ ನುಡಿಸುವ ವಾದ್ಯ ಅಂದುಕೊಂಡವರು ಆಲ್ಬರ್ಟ್ ಆಮನ್ಸ್ ಅವರನ್ನು ಒಮ್ಮೆ ಕೇಳಬೇಕು. ಅಮೆರಿಕದ ಷಿಕಾಗೊದಲ್ಲಿ 1907ರಲ್ಲಿ ಹುಟ್ಟಿದವರು. ಬೂಗಿ ವೂಗಿ, ಅಂದರೆ ಬ್ಲೂಸ್ ಹಾಡುಗಳಿಂದ ಬೆಳೆದ, ಕುಣಿಸುವಂಥ ಪಿಯಾನೊ ಶೈಲಿಗೆ ದೊಡ್ಡ ಹೆಸರು. ಆದರೆ 1920ರ ದಶಕದಲ್ಲಿ ಹೊಟ್ಟೆಪಾಡಿಗೆ ಟ್ಯಾಕ್ಸಿ ಓಡಿಸುತ್ತಿದ್ದರು. ಬಾಲ್ಯದ ಗೆಳೆಯ ಮೀಡ್ ಲಕ್ಸ್ ಲೂಯಿಸ್ ಕೂಡ ಟ್ಯಾಕ್ಸಿ ಡ್ರೈವರೇ, ಪಿಯಾನೊ ವಾದಕರೇ.

ಆಗ ಷಿಕಾಗೊದ ಕಪ್ಪು ಜನರ ಬಡಾವಣೆಗಳಲ್ಲಿ ಬಾಡಿಗೆ ಕಟ್ಟಲು ದುಡ್ಡು ಸಾಲದವರು ಮನೆಯಲ್ಲೇ ಪಾರ್ಟಿ ಇಡುತ್ತಿದ್ದರು. ಬಂದವರು ಒಂದಿಷ್ಟು ಚಿಲ್ಲರೆ ಕೊಡುತ್ತಿದ್ದರು. ಡ್ರಮ್ಸ್ ಇಲ್ಲ, ತಗ್ಗು ಸ್ವರದ ದೊಡ್ಡ ತಂತಿವಾದ್ಯ ಬೇಸ್ ಇಲ್ಲ. ಇರುವ ಒಂದು ಪಿಯಾನೊ ಇಡೀ ಮನೆಯನ್ನು ಕುಣಿಸಬೇಕು. ಹಾಗಾಗಿ ಎಡಗೈಗೆ ಕೆಲಸ ಜಾಸ್ತಿ. ಒಂದೊಂದು ಬಾರ್‌ಗೆ, ಅಂದರೆ ತಾಳದ ನಾಲ್ಕು ಎಣಿಕೆಗೆ, ಎಂಟೆಂಟು ಪೆಟ್ಟು, ಬಿಡುವೇ ಇಲ್ಲದೆ. ಬಲಗೈ ಅದರ ಮೇಲೆ ತನಗೆ ತೋಚಿದಂತೆ ಆಡುತ್ತದೆ.

ಈ ವಾದನಕ್ಕೆ ಆಧಾರವಾದ, ಕಪ್ಪು ಜನರ ಬ್ಲೂಸ್ ಸಂಗೀತದ 12 ಬಾರ್‌ಗಳ ಸುತ್ತು ಯಾರೊಬ್ಬರ ಆಸ್ತಿಯೂ ಅಲ್ಲ. ಹಾಗಾದರೆ ಸ್ವಂತ ಹಾಡು ಅನ್ನುವುದು ಎಲ್ಲಿದೆ? ಬೀಸುವ ಕಲ್ಲಿನ ಮುಂದೆ ಹೇಳುವ ತ್ರಿಪದಿಯ ಮಟ್ಟು ಎಲ್ಲರದು, ಅದರಲ್ಲಿ ಹೊಮ್ಮುವ ಮಾತು ಮಾತ್ರ ಬೀಸುವವಳದು, ಅಲ್ವಾ? ಇಲ್ಲೂ ಹಾಗೇ.

ಪೈನ್‌ಟಾಪ್ ಸ್ಮಿತ್ ಅನ್ನುವ ವಾದಕ ಕೆಲಕಾಲ ಈ ಗೆಳೆಯರಿದ್ದ ಕಟ್ಟಡದಲ್ಲೇ ವಾಸವಾಗಿದ್ದ. 1928ರ ಡಿಸೆಂಬರ್‌ನಲ್ಲಿ ತನ್ನದೇ ಬೂಗಿ ವೂಗಿಯನ್ನು ರೆಕಾರ್ಡ್ ಮಾಡಿದ. ನುಡಿಸುತ್ತಲೇ, ಯಾವಾಗ ನಿಲ್ಲಬೇಕು, ಯಾವಾಗ ಕುಣಿಯಬೇಕು ಅಂತ ಕುಣಿಯುವವರಿಗೆ ಹೇಳಿಕೊಡುತ್ತಾನೆ. ಮೂರು ತಿಂಗಳಲ್ಲಿ, ಕುಣಿತದ ಹಾಲ್ ಒಂದರ ಜಗಳದಲ್ಲಿ ಗುಂಡು ತಗುಲಿ ಸತ್ತ. ಆಗ ಅವನಿಗೆ ಬರೀ 24 ವರ್ಷ.

ಅವನ ಧಾಟಿಯನ್ನೇ ಬುನಾದಿ ಮಾಡಿಕೊಂಡು ಆಮನ್ಸ್ ‘ಬೂಗಿ ವೂಗಿ ಸ್ಟಾಂಪ್’ ಕಟ್ಟಿದರು. 1936ರ ಫೆಬ್ರವರಿಯಲ್ಲಿ ತಮ್ಮ ‘ರಿದಮ್ ಕಿಂಗ್ಸ್’ ತಂಡದೊಂದಿಗೆ ಡೆಕ್ಕಾ ರೆಕಾರ್ಡ್ ಕಂಪನಿಗೆ ಅದನ್ನು ನುಡಿಸಿದರು. ಒಬ್ಬರೇ ನುಡಿಸುತ್ತಿದ್ದ ಸಂಗೀತಕ್ಕೆ ಈಗ ಟ್ರಂಪೆಟ್, ಗಿಟಾರ್, ಡ್ರಮ್ಸ್ ಎಲ್ಲ ಬಂದವು. ಬೇಸ್ ನುಡಿಸಿದ ಇಸ್ರೇಲ್ ಕ್ರಾಸ್ಬಿಗೆ ಆಗ 17 ವರ್ಷ. ಎಡಗೈಯ ಕೆಲಸ ಮಾಡಲು ಬೇಸ್ ಬಂತಲ್ಲ, ಇನ್ನು ಪಿಯಾನೊ ಸುಮ್ನೆ ಹಿಂದೆ ಸರಿಯಬಹುದಿತ್ತು. ಸರಿಯಲಿಲ್ಲ. ಇಡೀ ತಂಡವನ್ನು ಅದೇ ಎಳೆದುಕೊಂಡು ಹೋಗುತ್ತದೆ. ನನ್ನ ಮಟ್ಟಿಗೆ ಇದು ಪೈನ್‌ಟಾಪ್‌ನ ನಕಲಲ್ಲ. ಆಮನ್ಸ್ ಅವರ ಸ್ವಂತ ಕೃತಿಯೇ.

1938ರ ಡಿಸೆಂಬರ್‌ನಲ್ಲಿ ಆಮನ್ಸ್, ಲೂಯಿಸ್ ಇಬ್ಬರೂ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದರು. ಅಲ್ಲಿ ಕೇಳಿದವರಲ್ಲಿ ಜರ್ಮನಿಯಿಂದ ವಲಸೆ ಬಂದ ಆಲ್ಫ್ರೆಡ್ ಲಯನ್ ಒಬ್ಬರು. 1939ರ ಜನವರಿ 6ರಂದು ಅವರು ಇವರಿಬ್ಬರನ್ನೂ ಸ್ಟುಡಿಯೊಗೆ ಕರೆಸಿದರು. ಲಯನ್ ಕಟ್ಟಿದ ಬ್ಲೂ ನೋಟ್ ಅನ್ನುವ ಜಾಝ್ ರೆಕಾರ್ಡ್ ಕಂಪನಿಯ ಮೊದಲ ರೆಕಾರ್ಡಿಂಗ್ ಅದೇ. ಮಾಮೂಲಿ ಹತ್ತು ಇಂಚಿನ ಗ್ರಾಮಫೋನ್ ಪ್ಲೇಟಿನಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಇವರ ವಾದನ ಅದಕ್ಕಿಂತ ಉದ್ದ. ಮೊಟಕು ಮಾಡಿಸದೆ, ಲಯನ್ 12 ಇಂಚಿನ ಪ್ಲೇಟಿನಲ್ಲೇ ಹೊರತಂದರು. ಎಂಥ ಗೌರವ ನೋಡಿ!

ಈಗ 1936ರ ‘ಸ್ಟಾಂಪ್’ ಕೇಳೋಣ. ಮೊದಲು ಎಡಗೈಯನ್ನೇ ಹಿಂಬಾಲಿಸಿ. ಆಮೇಲೆ ಆ ಹುಡುಗನ ಬೇಸ್ ಅದರ ಜೊತೆ ಹೇಗೆ ಹೆಜ್ಜೆ ಹಾಕುತ್ತದೆ ಅಂತ ಗಮನಿಸಿ.