324ನೆಯ ವಿಧಿ ಮತ್ತು ಚುನಾವಣಾ ಆಯೋಗ

ಕೇಳುಗರಿಗೆ ನಮಸ್ಕಾರ. ನಮ್ಮ ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂತೆಂದು ಶಾಲೆಯ ದಿನಗಳಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ಅದರ ಕೆಲವು ವಿಧಿಗಳು ಎರಡು ತಿಂಗಳು ಮೊದಲೇ, ಸಂವಿಧಾನವನ್ನು ಅಂಗೀಕರಿಸಿದ ದಿನದಂದೇ, ಜಾರಿಗೆ ಬಂದಿದ್ದವು. ಚುನಾವಣಾ ಆಯೋಗವನ್ನು ಕುರಿತ 324ನೆಯ ವಿಧಿ ಅವುಗಳಲ್ಲೊಂದು. ಆಯೋಗವೂ ಗಣರಾಜ್ಯಕ್ಕಿಂತ ಒಂದು ದಿನ ಹಿರಿಯದು. ಅದು ಸ್ಥಾಪನೆಯಾದದ್ದು ಜನವರಿ 25ರಂದು.

ಸಂವಿಧಾನದ ಕರಡಿನಲ್ಲಿ ಸಂಸತ್ತಿನ ಚುನಾವಣೆಗೆ ಒಂದು ಆಯೋಗ, ರಾಜ್ಯಗಳ ಚುನಾವಣೆಗೆ ಬೇರೆ ಆಯೋಗಗಳು ಎಂಬ ಏರ್ಪಾಡಿತ್ತು. 1949ರ ಜೂನ್‌ನಲ್ಲಿ ಅಂಬೇಡ್ಕರ್ ಅವರು ಇದನ್ನು ಬದಲಿಸಿ, ದೇಶಕ್ಕೆಲ್ಲ ಒಂದೇ ಆಯೋಗವಿರಲಿ ಎಂದು ತಿದ್ದುಪಡಿ ಮಂಡಿಸಿದರು. ಕೆಲವು ಪ್ರಾಂತ್ಯಗಳಲ್ಲಿ ಬೇರೆ ಭಾಷೆಯ, ಬೇರೆ ಜನಾಂಗದ ನಿವಾಸಿಗಳನ್ನು ಮತದಾರರ ಪಟ್ಟಿಯಿಂದ ಹೊರಗಿಡಲಾಗುತ್ತಿದೆ ಎಂಬ ದೂರು ಅದಕ್ಕೆ ಕಾರಣವಾಗಿತ್ತು. ಆಯುಕ್ತರನ್ನು ಸರ್ಕಾರವೇ ನೇಮಿಸಿದರೆ ಅವರು ಸ್ವತಂತ್ರರಾಗಿ ಉಳಿಯುವುದು ಹೇಗೆ ಎಂದು ಸಂವಿಧಾನ ರಚನಾ ಸಭೆಯ ಸದಸ್ಯ ಶಿಬ್ಬನ್ ಲಾಲ್ ಸಕ್ಸೇನಾ ಅದೇ ಚರ್ಚೆಯಲ್ಲಿ ಕೇಳಿದರು. ನೇಮಕಕ್ಕೆ ಸಂಸತ್ತಿನ ಮೂರನೆಯ ಎರಡರಷ್ಟು ಬಹುಮತದ ಒಪ್ಪಿಗೆ ಬೇಕೆಂಬುದು ಅವರ ಸಲಹೆಯಾಗಿತ್ತು. ಆ ಮಾತಿನಲ್ಲಿ ಹುರುಳಿದೆಯೆಂದು ಅಂಬೇಡ್ಕರ್ ಒಪ್ಪಿದರಾದರೂ ಸಲಹೆ ಅಂಗೀಕಾರವಾಗಲಿಲ್ಲ. ಸಂಸತ್ತು ಮಾಡುವ ಕಾನೂನಿಗೆ ಒಳಪಟ್ಟು ರಾಷ್ಟ್ರಪತಿಗಳು ನೇಮಿಸತಕ್ಕದ್ದು ಎಂಬ ಮಾತಷ್ಟೇ ವಿಧಿಯೊಳಗೆ ಸೇರಿತು.

ಮೊದಲ ಮುಖ್ಯ ಚುನಾವಣಾ ಆಯುಕ್ತರಾಗಿ 1950ರ ಮಾರ್ಚ್‌ನಲ್ಲಿ ಬಂದವರು ಸುಕುಮಾರ್ ಸೇನ್. ಅವರ ಮುಂದಿದ್ದದ್ದು ಸುಮಾರು 17 ಕೋಟಿ ಮತದಾರರು, ಅವರಲ್ಲಿ ಬಹುಪಾಲು ಓದುಬರಹ ಬಾರದವರು. ಹಾಗಾಗಿ ಮತಪತ್ರದ ಮೇಲೆ ಗುರುತು ಹಾಕುವ ತೊಡಕೇ ಇರಲಿಲ್ಲ. ಪ್ರತಿ ಅಭ್ಯರ್ಥಿಗೂ ಒಂದೊಂದು ಮತಪೆಟ್ಟಿಗೆ, ಅದರ ಮೇಲೆ ಅವರ ಚಿಹ್ನೆ. ಮತದಾರರು ತಮಗೆ ಬೇಕಾದ ಪೆಟ್ಟಿಗೆಯೊಳಗೆ ಚೀಟಿ ಹಾಕಿ ಬಂದರೆ ಮುಗಿಯಿತು. ಪಟ್ಟಿ ತಯಾರಿಸುವುದು ಇದಕ್ಕಿಂತ ಕಷ್ಟದ ಕೆಲಸವಾಗಿತ್ತು. ಉತ್ತರದ ಹಲವೆಡೆ ಹೆಂಗಸರು ಪರಪುರುಷರ ಮುಂದೆ ಹೆಸರು ಹೇಳಲೊಲ್ಲದೆ, ಇಂಥವರ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಸೇನ್ ಅದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಕಠಿಣ ನಿರ್ಧಾರ ನಿಜ, ಆದರೆ ಹೆಣ್ಣಿಗೂ ಹೆಸರುಂಟು ಎಂದು ಕಚೇರಿಯ ಕಡತ ಪಟ್ಟುಹಿಡಿದದ್ದು ನನಗೆ ಸರಿಯೆಂದೇ ತೋರುತ್ತದೆ.

ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಮೈಸೂರಿನ ಕಾರ್ಖಾನೆಯಿಂದ ಹೋಗತೊಡಗಿದ್ದು 1962ರ ಚುನಾವಣೆಯಿಂದ.

ದಶಕಗಳ ಕಾಲ ಆಯೋಗವೆಂದರೆ ಒಬ್ಬರೇ ಆಯುಕ್ತರು. 1989ರಲ್ಲಿ ಇನ್ನಿಬ್ಬರು ಬಂದು, ಕೆಲವೇ ತಿಂಗಳಲ್ಲಿ ಆ ಹುದ್ದೆಗಳು ರದ್ದಾದವು. ಮುಖ್ಯ ಚುನಾವಣಾ ಆಯುಕ್ತ ಟಿ. ಎನ್. ಶೇಷನ್ ಅವರ ಬಿಗಿಯಾದ ಆಡಳಿತದ ನಡುವೆ, 1993ರ ಅಕ್ಟೋಬರ್‌ನಲ್ಲಿ, ಆಯೋಗ ಮತ್ತೆ ತ್ರಿಸದಸ್ಯವಾಯಿತು. ಶೇಷನ್ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರೂ 1995ರ ತೀರ್ಪು ಅವರ ಪರವಾಗಿ ಬರಲಿಲ್ಲ.

ಸಕ್ಸೇನಾ ಎತ್ತಿದ್ದ ನೇಮಕದ ಪ್ರಶ್ನೆ ಮಾತ್ರ ಎಪ್ಪತ್ತಕ್ಕೂ ಹೆಚ್ಚು ವರ್ಷ ಹಾಗೆಯೇ ಉಳಿಯಿತು. 2023ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಂಸತ್ತು ಕಾನೂನು ಮಾಡುವವರೆಗೆ ಪ್ರಧಾನಿ, ಲೋಕಸಭೆಯ ವಿರೋಧ ಪಕ್ಷದ ನಾಯಕ ಮತ್ತು ಮುಖ್ಯ ನ್ಯಾಯಮೂರ್ತಿ ಇರುವ ಸಮಿತಿಯ ಸಲಹೆಯಂತೆ ನೇಮಕ ನಡೆಯಬೇಕೆಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು ಕಾಯಿದೆ ಮಾಡಿತು; ಸಮಿತಿಯಲ್ಲಿ ಮುಖ್ಯ ನ್ಯಾಯಮೂರ್ತಿಗಳ ಜಾಗಕ್ಕೆ ಪ್ರಧಾನಿ ಸೂಚಿಸುವ ಕೇಂದ್ರ ಸಚಿವರೊಬ್ಬರು ಬಂದರು.