ಲಾಶಿಯೊ ಆಚೆಗೆ ಹಳಿ ಇಲ್ಲ

ಕೇಳುಗರಿಗೆ ನಮಸ್ಕಾರ.

ಊಟಿಯಂಥ ಎತ್ತರದ ಊರಲ್ಲಿ ಕುಕ್ಕರ್ ಇಲ್ಲದೆ ಬೇಳೆ ಬೇಗ ಬೇಯೋದಿಲ್ಲ. ಮೇಲೆ ಹೋದಷ್ಟೂ ನೀರು ಕಡಿಮೆ ಬಿಸಿಗೇ ಕುದಿದುಬಿಡುತ್ತದೆ. ಸುಮಾರು 300 ಮೀಟರ್ ಏರಿದರೆ ಒಂದು ಡಿಗ್ರಿ ಇಳಿಯುತ್ತದೆ. ಅಡುಗೆಯವರಿಗೆ ಇದು ತಲೆನೋವು. ಹಿಂದಿನ ಕಾಲದ ಸರ್ವೆಯವರಿಗೆ ಮಾತ್ರ ಇದೇ ಅಳತೆಗೋಲು. ಬೆಟ್ಟದ ಮೇಲೆ ನಿಂತು ನೀರು ಕುದಿಸಿ, ಥರ್ಮಾಮೀಟರ್ ನೋಡಿ, ಎತ್ತರ ಬರೆದುಕೊಳ್ಳುತ್ತಿದ್ದರು.

ಇವತ್ತು ಹೇಳಹೊರಟಿರುವುದು ಹಾಗೆ ಅಳೆದ ಒಂದು ರೈಲುದಾರಿಯ ಕಥೆ. ಬರ್ಮಾದಿಂದ ಚೀನಾದ ಯುನ್ನಾನ್‌ಗೆ ಹೋಗಬೇಕಿದ್ದ ದಾರಿ. ಬ್ರಿಟಿಷರು ಅದನ್ನು ಕಟ್ಟಲೇ ಇಲ್ಲ.

ನಿಮ್ಮ ಎಡಗೈಯನ್ನು ಬೆರಳು ಬಿಡಿಸಿ ಮೇಜಿನ ಮೇಲಿಡಿ. ಬೆರಳುಗಳು ಬೆಟ್ಟದ ಸಾಲುಗಳು, ನಡುವಿನ ಸಂದುಗಳು ನದಿಗಳು. ಸಾಲ್ವೀನ್, ಮೆಕಾಂಗ್, ಎಲ್ಲ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ, ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತವೆ. ರೈಲು ಹೋಗಬೇಕಾದದ್ದು ಪೂರ್ವಕ್ಕೆ. ಅಂದರೆ ಇರುವೆಯ ಹಾಗೆ ಒಂದೊಂದೇ ಬೆರಳು ಹತ್ತಿ ಇಳಿಯಬೇಕು. ಹೇಸರಗತ್ತೆ ಹತ್ತುತ್ತದೆ, ಇಳಿಯುತ್ತದೆ. ರೈಲಿಗೆ ಅದು ಆಗದ ಮಾತು.

1894ರಿಂದ 1900ರ ನಡುವೆ ಹೆನ್ರಿ ಡೇವಿಸ್ ಎಂಬ ಬ್ರಿಟಿಷ್ ಸೇನಾಧಿಕಾರಿ ಇದೇ ಬೆಟ್ಟಗಳಲ್ಲಿ ಸಾವಿರಾರು ಮೈಲಿ ತಿರುಗಿದರು. ಬರ್ಮಾದ ಭಾಮೊ ಊರಿನಿಂದ ಯುನ್ನಾನಿನ ದಾಲಿಗೆ ವ್ಯಾಪಾರಿಗಳ ಹಳೆಯ ದಾರಿ ಇತ್ತು. ಆದರೆ ಅದು ಬೆರಳುಗಳನ್ನು ಅಡ್ಡಕ್ಕೇ ದಾಟುತ್ತಿತ್ತು. ಡೇವಿಸ್ ಇನ್ನೂ ದಕ್ಷಿಣದಲ್ಲಿ ಒಂದು ಸಂದು ಹಿಡಿದರು. ಕೂನ್‌ಲಾಂಗ್ ಎಂಬಲ್ಲಿ ದೋಣಿಯಲ್ಲಿ ಸಾಲ್ವೀನ್ ದಾಟುತ್ತಿದ್ದರು. ಆ ಊರಿನ ಹತ್ತಿರವೇ ಪೂರ್ವದಿಂದ ನಾಮ್‌ಟಿಂಗ್ ಎಂಬ ಉಪನದಿ ಬಂದು ಸೇರುತ್ತದೆ. ಅದರ ಕಣಿವೆ ಹಿಡಿದರೆ ಏರು ಮೆಲ್ಲಗೆ ಬರುತ್ತದೆ. ಬೆಟ್ಟವೇ ಒಂದು ಬಾಗಿಲು ತೆರೆದಿಟ್ಟ ಹಾಗೆ! ಆದರೆ ಆ ಬಾಗಿಲಲ್ಲಿ ಮಲೇರಿಯಾ ಕೂತಿತ್ತು. ಮೆಕಾಂಗ್ ದಾಟುವ ಕೆಲಸವಂತೂ ಮುಂದೆ ಇದ್ದೇ ಇತ್ತು.

ಇಷ್ಟು ಪಾಡು ಯಾಕೆ ಅಂದರೆ, ಯುನ್ನಾನಿನ ಆಚೆ ಚೀನಾದ ಸಿಚುವಾನ್ ಪ್ರಾಂತ್ಯ ಇತ್ತು. ಕೋಟಿಗಟ್ಟಲೆ ಜನ, ದೊಡ್ಡ ಮಾರುಕಟ್ಟೆ. ಜೊತೆಗೆ ವಿಯೆಟ್ನಾಂ ಕಡೆಯಿಂದ ಫ್ರೆಂಚರು ಹಳಿ ತರುತ್ತಾರೆ ಅನ್ನುವ ಹೊಟ್ಟೆಯುರಿ ಬೇರೆ.

ಬರ್ಮಾದ ಒಳಗೆ ಕೆಲಸ ಶುರುವೂ ಆಗಿತ್ತು. ಮಂಡಲೆಯಿಂದ ಹೊರಟ ಮೀಟರ್ ಗೇಜ್ ರೈಲು ಬೆಟ್ಟ ಹತ್ತಲು ಹಿಂದಕ್ಕೂ ಮುಂದಕ್ಕೂ ಹೋಗುತ್ತಾ ಏರಬೇಕಿತ್ತು. ಗೋಕ್‌ಟೇಕ್ ಕಮರಿಯ ಮೇಲೆ ಸುಮಾರು 100 ಮೀಟರ್ ಎತ್ತರದ ಉಕ್ಕಿನ ಸೇತುವೆ ಎದ್ದಿತು. ಕಟ್ಟಿದ್ದು ಅಮೆರಿಕದ ಕಂಪನಿ. ಉಕ್ಕು ಬಂದದ್ದೂ ಅಲ್ಲಿಂದಲೇ, ಹಡಗಿನಲ್ಲಿ. 1903ರಲ್ಲಿ ರೈಲು ಬರ್ಮಾದ ಒಳಗೇ ಇರುವ ಲಾಶಿಯೊ ಊರು ಮುಟ್ಟಿತು. ಅಲ್ಲಿಗೆ ನಿಂತಿತು.

ನಿಲ್ಲಿಸಿದವರಲ್ಲಿ ಮುಖ್ಯರು ವೈಸ್‌ರಾಯ್ ಕರ್ಜನ್. 1901ರಲ್ಲಿ ರಂಗೂನಿಗೆ ಬಂದಾಗಲೇ ಈ ಯೋಜನೆಯನ್ನು ಅವರು ಲೇವಡಿ ಮಾಡಿದ್ದರು. ಸಿಚುವಾನಿನ ಸರಕಿಗೆ ಯಾಂಗ್‌ಟ್ಸಿ ನದಿ ಇದೆ. ಕೆಳಕ್ಕೆ ತೇಲಿಬಿಟ್ಟರೆ ಶಾಂಘೈ. ಅದನ್ನು ಬಿಟ್ಟು ಬೆಟ್ಟ ಹತ್ತಿ ಇಳಿಯುವ ಒಂಟಿ ಹಳಿಗೆ ಯಾರು ತಾನೇ ತಂದು ತುಂಬುತ್ತಾರೆ? ಕರ್ಜನ್ ನನಗೆ ಅಷ್ಟೇನೂ ಪ್ರೀತಿಯ ಮನುಷ್ಯರಲ್ಲ, ಆದರೆ ಈ ಲೆಕ್ಕ ಸರಿಯಾಗಿಯೇ ಇತ್ತು ಅನಿಸುತ್ತದೆ.

ಡೇವಿಸ್ ಒಪ್ಪಲಿಲ್ಲ. 1909ರಲ್ಲಿ ಪುಸ್ತಕ ಬರೆದು, ಈ ರೈಲು ಆಗುತ್ತದೆ, ಆಗಲೇಬೇಕು ಎಂದರು. ಹೆಜ್ಜೆ ಹೆಜ್ಜೆಯೂ ಕಾಲಲ್ಲಿ ಅಳೆದವರು, ಅಲ್ವಾ? ದಾರಿಯ ಮೇಲೆ ಮಮತೆ ಬಂದಿರುತ್ತದೆ. ಮರುವರ್ಷವೇ, 1910ರಲ್ಲಿ, ಫ್ರೆಂಚರ ರೈಲು ವಿಯೆಟ್ನಾಂನ ಹೈಫಾಂಗ್‌ನಿಂದ ಯುನ್ನಾನಿನ ರಾಜಧಾನಿ ಕುನ್ಮಿಂಗ್ ತಲುಪಿತು. ಅದನ್ನು ಕಟ್ಟುವಾಗ ಸಾವಿರಾರು ಕೂಲಿಗಳು ಸತ್ತಿದ್ದರು. 1938ರಲ್ಲಿ ಜಪಾನಿನ ಜೊತೆ ಯುದ್ಧ ನಡೆದಿರುವಾಗ ಚೀನಾ ತಾನೇ ಬರ್ಮಾ ಕಡೆಗೆ ಹಳಿ ಹಾಕಲು ಹೊರಟಿತು. 1942ರಲ್ಲಿ ಬರ್ಮಾ ಜಪಾನಿನ ಕೈಸೇರಿತು, ಆ ಕೆಲಸವೂ ನಿಂತಿತು.

ಆದರೆ ಡೇವಿಸ್ ಅಳೆದದ್ದು ಬರೀ ಎತ್ತರವಲ್ಲ. ಹೋದಲ್ಲೆಲ್ಲ ಅಲ್ಲಿನ ಜನರನ್ನು ಕೂರಿಸಿಕೊಂಡು, ನಿಮ್ಮ ಭಾಷೆಯಲ್ಲಿ ಇದಕ್ಕೆ ಏನಂತೀರಿ, ಅದಕ್ಕೆ ಏನಂತೀರಿ ಎಂದು ಕೇಳಿ ಬರೆದುಕೊಂಡರು. ಆ ಪಟ್ಟಿಗಳಿಂದ ಯುನ್ನಾನಿನ ಜನರನ್ನು ಭಾಷೆಯ ಮೇಲೆ ಗುಂಪುಮಾಡಿದರು. 1954ರಲ್ಲಿ ಹೊಸ ಚೀನಾ ಸರ್ಕಾರ ಯುನ್ನಾನಿನಲ್ಲಿ ಯಾರು ಯಾವ ಜನಾಂಗ ಎಂದು ಗುರುತಿಸಲು ಹೊರಟಾಗ, ಅಲ್ಲಿನ ವಿದ್ವಾಂಸರ ಕೈಯಲ್ಲಿದ್ದ ವಿಂಗಡಣೆಯ ಬೇರು ಈ ರೈಲು ಸರ್ವೆಯವರ ಪದಪಟ್ಟಿಯಲ್ಲೇ ಇತ್ತು.

ನಮಸ್ಕಾರ.